ಪಿಕಪ್ ಹೌಸಿಂಗ್ ಆಯಿಲ್ ಹಾಲು ಜಾಸ್ತಿಯಾದ ಕಾಫಿ ಥರ ಬಂತು, ದೋಣಿ ಟ್ರೈಲರ್ ಎಳೆಯುವವರು ಯಾರಾದ್ರೂ ಇದ್ದೀರಾ?

ಮಾಜಾಳಿ ಹೊಯ್ಗೆ (ಭಾನುವಾರ ರಾತ್ರಿ)

ಕಾರವಾರದ ಹತ್ತಿರ ಮಾಜಾಳಿಯವನು ನಾನು. ಟೂ ವೀಲ್ ಡ್ರೈವ್ ಪಿಕಪ್, ಏಳು ವರ್ಷದ್ದು, 1,12,000 ಕಿ.ಮೀ. ಆಗಿದೆ. ಬಾಡಿಗೆಗೆ ಹೋಗುವುದು ಕಡಿಮೆ. ಮುಖ್ಯ ಕೆಲಸ ದೋಣಿಯದ್ದು. ನಸುಕಿನಲ್ಲಿ ಫೈಬರ್ ದೋಣಿಯನ್ನು ಟ್ರೈಲರ್ ಮೇಲೆ ದಡಕ್ಕೆ ಎಳೆಯಬೇಕು, ರಿವರ್ಸ್ ಹೋಗಿ ನೀರಿಗೆ ಬಿಡಬೇಕು, ಮಧ್ಯಾಹ್ನ ಮತ್ತೆ ಹತ್ತಿಸಿಕೊಂಡು ಬರಬೇಕು. ದೋಣಿ, ಎಂಜಿನ್, ಬಲೆ, ಟ್ರೈಲರ್ ಎಲ್ಲ ಸೇರಿ ಒಂದು ಟನ್ನಿನ ಹತ್ತಿರ. ಅಡಿಕೆ ಕೊಯ್ಲಿನ ಹೊತ್ತಿಗೆ ಶಿರಸಿಯ ಗೆಳೆಯನ ಸುಲಿಯುವ ಯಂತ್ರ ಎಳೆಯಲು ದೇವಿಮನೆ ಘಟ್ಟ ಹತ್ತುವುದೂ ಉಂಟು.

ಹದಿನೈದು ದಿನದಿಂದ ಹಿಂದುಗಡೆ, ಹೌಸಿಂಗ್ (ಹಿಂದಿನ ಚಕ್ರ ತಿರುಗಿಸುವ ಗೇರುಗಳಿರುವ ಕಬ್ಬಿಣದ ಗೂಡು) ಕಡೆಯಿಂದ ಒಂದು ಸದ್ದು. ಐವತ್ತು ಅರವತ್ತರ ವೇಗದಲ್ಲಿ ‘ಉಂಯ್’ ಅಂತ ಕೊರಗುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಇಳಿಯುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಗ್ಯಾರೇಜಿನಲ್ಲಿ ಕೇಳಿದರೆ “ಹೌಸಿಂಗ್ ಆಯಿಲ್ ಯಾರು ಬದಲಿಸುತ್ತಾರೆ ಮಾರಾಯ, ಗಾಡಿ ಇರುವ ತನಕ ಅದೇ ಸಾಕು” ಅಂದರು. ಮನಸ್ಸು ಕೇಳಲಿಲ್ಲ. ಇವತ್ತು ನಾನೇ ಕೆಳಗೆ ಮಲಗಿ ಮೇಲಿನ ನಟ್ ಸಡಿಲಿಸಿದೆ. ಕೂಡಲೇ ಮೊಣಕೈ ತನಕ ಹರಿಯಿತು. ಬಣ್ಣ ನೋಡಿದರೆ ಹಾಲು ಜಾಸ್ತಿಯಾದ ಕಾಫಿ.

ಈಗ ಏನು ಮಾಡಲಿ? ಯಾವ ಆಯಿಲ್ ಹಾಕಲಿ? ನೀರು ಒಳಗೆ ಹೋದದ್ದಾದರೂ ಎಲ್ಲಿಂದ? ನಾಳೆ ನಸುಕಿಗೆ ದೋಣಿ ಬಿಡಬೇಕು.

ತದಡಿ ಬಂದರು

ನಾಳೆ ದೋಣಿ ಬಿಡಬೇಡಿ. ಅಷ್ಟೇ.

ಕುಮಟಾ ಸ್ಪ್ಯಾನರ್

ತದಡಿಯವರು ಹೇಳಿದ್ದು ಸರಿ. ಇಪ್ಪತ್ತು ವರ್ಷ ಲೋರಿ, ಪಿಕಪ್ ಕೆಲಸ ಮಾಡಿದವನು ನಾನು. ಈಗ ಬೆನ್ನು ಕೈ ಕೊಟ್ಟಿದೆ, ಬಾಯಿ ಮಾತ್ರ ಉಳಿದಿದೆ.

ಮೊದಲು ನಿಮ್ಮ ಮೊಣಕೈ ವಿಷಯ. ಮೇಲಿನ ನಟ್ಟಿನ ತೂತು ಇರುವುದೇ ಮಟ್ಟ ನೋಡಲಿಕ್ಕೆ. ಆಯಿಲ್ ಆ ತೂತಿನ ಕೆಳಗಿನ ಅಂಚಿಗೆ ಬಂದು ನಿಲ್ಲಬೇಕು. ಏಳು ವರ್ಷದಲ್ಲಿ ಆಯಿಲ್ ಕಡಿಮೆಯಾಗಬಹುದು, ತಾನಾಗಿ ಹೆಚ್ಚಾಗುವುದಿಲ್ಲ. ಹರಿಯಿತು ಅಂದರೆ ಒಳಗೆ ನೀರು ಸೇರಿದೆ. ಅದೂ ಒಂದೆರಡು ಚಮಚ ಅಲ್ಲ.

ಹೋಗಿದ್ದು ಹೇಗೆ? ನಿಮ್ಮ ಮನೆಯಿಂದ ದಡಕ್ಕೆ ಟನ್ ಭಾರ ಎಳೆದು ಬರುತ್ತೀರಿ. ಹೌಸಿಂಗ್ ಕೈ ಇಡಲಾಗದಷ್ಟು ಬಿಸಿಯಾಗಿರುತ್ತದೆ. ಒಳಗಿನ ಗಾಳಿಯೂ ಬಿಸಿ. ಹಾಗೇ ರಿವರ್ಸ್ ಹೋಗಿ ಹಿಂದಿನ ಚಕ್ರ ನೀರಿಗೆ ಇಳಿಸುತ್ತೀರಿ. ಬಿಸಿ ಕಬ್ಬಿಣ ಒಮ್ಮೆಲೇ ತಣ್ಣಗಾಗುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ. ಎಂಬತ್ತು ಡಿಗ್ರಿಯಿಂದ ಮೂವತ್ತಕ್ಕೆ ಇಳಿದರೆ ಗಾಳಿ ಏಳರಲ್ಲಿ ಒಂದು ಪಾಲು ಕುಗ್ಗುತ್ತದೆ. ಒಳಗೆ ನಾಲ್ಕು ಲೀಟರ್ ಗಾಳಿ ಇದ್ದರೆ ಅರ್ಧ ಲೀಟರಿಗಿಂತ ಜಾಸ್ತಿ ಜಾಗ ಖಾಲಿ. ಅದನ್ನು ತುಂಬಲು ಹೊರಗಿನಿಂದ ಏನಾದರೂ ಬರಲೇಬೇಕು. ಹೊರಗೆ ಇರುವುದು ಉಪ್ಪುನೀರು.

ಗಾಳಿ ಆಡಲಿ ಅಂತಲೇ ಹೌಸಿಂಗ್ ಮೇಲೆ ಒಂದು ಬ್ರೀದರ್ ಇರುತ್ತದೆ. ಸಣ್ಣ ಟೊಪ್ಪಿ ಥರ ಇರುತ್ತದೆ, ಇಲ್ಲವೇ ಒಂದು ರಬ್ಬರ್ ಪೈಪ್. ಅದು ಸರಿ ಇದ್ದು ನೀರಿನಿಂದ ಮೇಲಿದ್ದರೆ ಗಾಳಿ ಎಳೆದುಕೊಳ್ಳುತ್ತದೆ, ತೊಂದರೆ ಇಲ್ಲ. ಮುಳುಗಿದರೆ ನೀರು ಎಳೆಯುತ್ತದೆ. ಕಟ್ಟಿಕೊಂಡಿದ್ದರೆ ಇನ್ನೂ ಕೆಟ್ಟದು. ಬಿಸಿಯಾದಾಗ ಒತ್ತಡ ಹೊರಗೆ ಹೋಗಲು ದಾರಿ ಇಲ್ಲದೆ ಆಯಿಲ್ ಸೀಲನ್ನು (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ತಳ್ಳುತ್ತದೆ. ತಣ್ಣಗಾದಾಗ ಅದೇ ಸೀಲಿನ ಸಂದಿಯಿಂದ ನೀರು ಹೀರುತ್ತದೆ.

ನಾಳೆ ಬೆಳಕಿನಲ್ಲಿ ಬ್ರೀದರ್ ಹುಡುಕಿ. ಹಾಗೇ ಎರಡೂ ಹಿಂದಿನ ಚಕ್ರದ ಒಳಬದಿ ಒದ್ದೆ ಇದೆಯಾ ನೋಡಿ.

ಘಟ್ಟದ ಮೇಲಿನವ

ಶಿರಸಿಯಿಂದ. ಸುಲಿಯುವ ಯಂತ್ರ ಎಳೆಸಿಕೊಳ್ಳುವ ಗೆಳೆಯ ನಾನೇ ಇರಬೇಕು. ಸದ್ದಿನ ವಿಷಯ ನಮಗೆ ಹೇಳಲೇ ಇಲ್ಲವಲ್ಲ ಮಾರಾಯಾ. ಹೋದ ವಾರ ಬಂದಿದ್ದಾಗ ಊಟ ಮಾಡಿ, ಅಪ್ಪೆಹುಳಿ ಎರಡು ಸಲ ಹಾಕಿಸಿಕೊಂಡು ಹೋದವನು.

ಆಯಿಲ್ ವಿಷಯ: 140 ನಂಬರ್ ಹಾಕು. ಘಟ್ಟ ಹತ್ತುವ ಗಾಡಿಗೆ ದಪ್ಪ ಎಣ್ಣೆಯೇ ಬೇಕು. ನಮ್ಮ ಅಪ್ಪ ಜೀಪಿಗೆ ಅದನ್ನೇ ಹಾಕುತ್ತಿದ್ದ.

ಮಾಜಾಳಿ ಹೊಯ್ಗೆ (ಸೋಮವಾರ ಬೆಳಿಗ್ಗೆ)

ಸಿಕ್ಕಿತು! ಬ್ರೀದರ್ ಇದೆ, ಆದರೆ ಇಲ್ಲದ ಹಾಗೆ ಇದೆ. ಹೋದ ಮಳೆಗಾಲದ ಮೊದಲು ತುಕ್ಕು ಹಿಡಿಯಬಾರದು ಅಂತ ಅಡಿಗೆ ಕಪ್ಪು ಕೋಟಿಂಗ್ ಹೊಡೆಸಿದ್ದೆ. ಹೊಡೆದವರು ಬ್ರೀದರ್ ಟೊಪ್ಪಿಯನ್ನೂ ಬಿಡದೆ ಬಳಿದಿದ್ದಾರೆ. ಮೇಣದ ಮುದ್ದೆ ಥರ ಗಟ್ಟಿ. ಪಿನ್ನಿನಿಂದ ಚುಚ್ಚಿದಾಗ ‘ಸುಸ್’ ಅಂತ ಒಂದು ಸಲ ಉಸಿರು ಎಳೆಯಿತು.

ಎಡ ಚಕ್ರದ ಒಳಬದಿ ಒದ್ದೆ ಇದೆ. ಬಲಗಡೆ ಒಣಗಿದೆ.

ದೋಣಿ ಬಿಡಲಿಲ್ಲ. ತಮ್ಮ ಬೈಯುತ್ತಿದ್ದಾನೆ.

ಕುಮಟಾ ಸ್ಪ್ಯಾನರ್

ತುಕ್ಕು ತಡೆಯಲು ಹೋಗಿ ಒಳಗೇ ತುಕ್ಕು ತಂದುಕೊಂಡ ಹಾಗಾಯಿತು. ಅಡಿಗೆ ಕೋಟಿಂಗ್ ಹೊಡೆಸುವುದು ತಪ್ಪಲ್ಲ, ಕಡಲ ಬದಿಯವರಿಗೆ ಬೇಕು. ಹೊಡೆಸುವಾಗ ಬ್ರೀದರ್, ಕ್ರಾಸ್ (ಗೇರ್ ಬಾಕ್ಸಿನಿಂದ ಹೌಸಿಂಗ್‌ಗೆ ಬರುವ ಶಾಫ್ಟಿನ ಕೀಲು) ಗ್ರೀಸ್ ನಿಪ್ಪಲ್, ಬ್ರೇಕ್ ಲೈನಿನ ಜಾಯಿಂಟ್ ಮೇಲೆ ಟೇಪ್ ಹಚ್ಚಿಸಬೇಕು. ಎದುರಿಗೆ ನಿಂತು ಹಚ್ಚಿಸಬೇಕು.

ಆ ‘ಸುಸ್’ ಅಂದರೆ ಒಳಗೆ ಇನ್ನೂ ಎಳೆತ ಇತ್ತು ಅಂತ. ನೀರು ಹೋದ ದಾರಿಯೂ ಸಿಕ್ಕಿತು, ಎಡಗಡೆ ಸೀಲ್.

140 ವಿಷಯ ಸಂಜೆ ಬರೆಯುತ್ತೇನೆ. ಅಪ್ಪನ ಜೀಪಿನ ಮೇಲೆ ಗೌರವ ಇಟ್ಟುಕೊಂಡೇ.

ಸಿದ್ದಾಪುರ ಕೊನೆಗೌಡ

ಒಂದು ಮಾತು. ಕೆಳಗಿನ ನಟ್ ಬಿಚ್ಚುವ ಮೊದಲು ಮೇಲಿನ ನಟ್ ಬಿಚ್ಚಿ ಬರುತ್ತದೋ ಇಲ್ಲವೋ ನೋಡಿಕೊಳ್ಳಿ. ಮಾಜಾಳಿಯವರದ್ದು ಹೇಗೂ ಬಿಚ್ಚಿದೆ, ಇದು ಬೇರೆಯವರಿಗೆ.

ನನ್ನ ಭಾವ ಆಯಿಲ್ ಪೂರ್ತಿ ಬಿಟ್ಟ ಮೇಲೆ ಮೇಲಿನ ನಟ್ಟಿಗೆ ಕೈ ಹಾಕಿದ. ತುಕ್ಕು ಹಿಡಿದು ಕೂತಿತ್ತು. ಚೌಕದ ಗುಂಡಿ ತಿರುಗಿ ತಿರುಗಿ ದುಂಡಗಾಯಿತು. ಆಯಿಲ್ ಇಲ್ಲದ ಗಾಡಿ, ತುಂಬಲು ದಾರಿ ಇಲ್ಲ, ಓಡಿಸುವ ಹಾಗಿಲ್ಲ. ಆಲೆಮನೆ ಸಮಯ, ಕಬ್ಬಿನ ಗಾಣ ಎಳೆಯಲು ಅದೇ ಗಾಡಿ ಬೇಕು. ಮೂರನೇ ದಿನ ವೆಲ್ಡಿಂಗ್‌ನವನು ಬಂದು ನಟ್ಟಿನ ತಲೆಗೆ ಬೇರೆ ನಟ್ ಬೆಸೆದು ತಿರುಗಿಸಿದ. ಆ ಮೂರು ದಿನ ಅಕ್ಕ ಆಡಿದ ಮಾತು ಇಲ್ಲಿ ಬರೆಯುವ ಹಾಗಿಲ್ಲ.

ಅಂಕೋಲಾ ಗದ್ದೆ

😂 ನಮ್ಮಲ್ಲೂ ಇದೇ ಕತೆ. ಅದು ಗೇರ್ ಬಾಕ್ಸಿನ ನಟ್.

ಕುಮಟಾ ಸ್ಪ್ಯಾನರ್ (ಸೋಮವಾರ ಸಂಜೆ)

ಹೂಂ, ಆಯಿಲ್.

ಮೊದಲು ನೋಡಬೇಕಾದ್ದು ನಂಬರ್ ಅಲ್ಲ, ಜಿಎಲ್, ಅಂದರೆ ಗೇರ್ ಆಯಿಲಿನ ದರ್ಜೆ. ಡಬ್ಬಿ ಮೇಲೆ ಎಪಿಐ ಜಿಎಲ್-4 ಅಥವಾ ಜಿಎಲ್-5 ಅಂತ ಇರುತ್ತದೆ. ಹಿಂದಿನ ಹೌಸಿಂಗ್‌ಗೆ ಜಿಎಲ್-5. ಯಾಕೆ ಅಂದರೆ ಅಲ್ಲಿ ಪಿನಿಯನ್ (ಎಂಜಿನ್ ಕಡೆಯಿಂದ ತಿರುಗುವ ಸಣ್ಣ ಗೇರ್) ಕ್ರೌನಿನ (ಅದು ತಿರುಗಿಸುವ ದೊಡ್ಡ ಗೇರ್) ನಟ್ಟನಡುವಿಗೆ ಕೂತಿಲ್ಲ, ಸ್ವಲ್ಪ ಸರಿದು ಕೂತಿದೆ. ಹೈಪಾಯ್ಡ್ ಗೇರ್ ಅನ್ನುತ್ತಾರೆ. ಹಲ್ಲಿನ ಮೇಲೆ ಹಲ್ಲು ಉರುಳುವುದು ಮಾತ್ರ ಅಲ್ಲ, ಜಾರುತ್ತದೆ ಕೂಡ. ಭಾರ ಎಳೆಯುವಾಗ ಆ ಜಾರುವ ಜಾಗದಲ್ಲಿ ಎಣ್ಣೆ ಹಿಂಡಿ ಹೊರಗೆ ಹೋಗುತ್ತದೆ. ಆಗ ಹಲ್ಲು ಉಳಿಸುವುದು ಎಣ್ಣೆಯಲ್ಲಿ ಬೆರೆಸಿದ ಗಂಧಕ, ರಂಜಕದ ಮದ್ದು. ಅದು ಉಕ್ಕಿನ ಮೇಲೆ ತೆಳ್ಳಗೆ ಪದರ ಕಟ್ಟುತ್ತದೆ. ಗೇರ್ ಆಯಿಲ್‌ಗೆ ಆ ಕೊಳೆತ ಮೊಟ್ಟೆ ಥರದ ವಾಸನೆ ಬರುವುದೂ ಅದರಿಂದಲೇ. ಜಿಎಲ್-5ರಲ್ಲಿ ಆ ಮದ್ದು ಜಿಎಲ್-4ರ ಹತ್ತಿರ ಹತ್ತಿರ ಎರಡರಷ್ಟು.

ಹಾಗಂತ ಉಳಿದ ಆಯಿಲನ್ನು ಗೇರ್ ಬಾಕ್ಸಿಗೆ ಸುರಿಯಬೇಡಿ. ಗೇರ್ ಬಾಕ್ಸಿನ ಸಿಂಕ್ರೊ ರಿಂಗ್ (ಗೇರ್ ಬದಲಿಸುವಾಗ ವೇಗ ಹೊಂದಿಸುವ ಬಳೆ) ಹಿತ್ತಾಳೆಯದ್ದಾದರೆ ಆ ಮದ್ದು ಅದನ್ನು ತಿನ್ನಬಹುದು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಗೇರ್ ಬಾಕ್ಸಿಗೆ ಯಾವುದು ಬರೆದಿದೆಯೋ ಅದೇ. ಎರಡಕ್ಕೂ ಒಂದೇ ಡಬ್ಬಿ ಅನ್ನುವ ಅಂಗಡಿಯವನ ಮಾತು ನಂಬಬೇಡಿ.

ಇನ್ನು ನಂಬರ್. 80ಡಬ್ಲ್ಯೂ-90 ಸಾಮಾನ್ಯ. 85ಡಬ್ಲ್ಯೂ-140 ದಪ್ಪ. ದಪ್ಪ ಎಣ್ಣೆ ಬಿಸಿಯಲ್ಲಿ ಪದರ ಹಿಡಿದಿಡುತ್ತದೆ, ನಿಜ. ಆದರೆ ಅದನ್ನು ಕಲಕಿ ಎತ್ತಲು ಶಕ್ತಿ ಜಾಸ್ತಿ ಬೇಕು, ಆ ಶಕ್ತಿ ಮತ್ತೆ ಬಿಸಿಯಾಗಿಯೇ ಹೋಗುತ್ತದೆ. ಪಿನಿಯನ್ ಬೇರಿಂಗ್‌ಗೆ ತಲುಪುವುದೂ ನಿಧಾನ. ದಿನವಿಡೀ ಭಾರ ಎಳೆದು ಘಟ್ಟ ಹತ್ತುವ ಗಾಡಿಗೆ, ಪುಸ್ತಕ ಒಪ್ಪಿದರೆ, 140 ಸರಿ. ಮಾಜಾಳಿಯವರದ್ದು ದಿನಕ್ಕೆ ಸ್ವಲ್ಪ ದೂರದ ಎಳೆತ, ತಿಂಗಳಿಗೊಮ್ಮೆ ಘಟ್ಟ. 90 ಸಾಕು.

ಘಟ್ಟದ ಮೇಲಿನವ

ತಿಂಗಳಿಗೊಮ್ಮೆ ಅಲ್ಲ, ಕೊಯ್ಲಿನಲ್ಲಿ ವಾರಕ್ಕೆ ಎರಡು ಸಲ. ಕುಮಟಾದಿಂದ ಶಿರಸಿಗೆ ಅರವತ್ತು ಕಿ.ಮೀ. ಮೇಲೆ, ಅದರಲ್ಲಿ ದೇವಿಮನೆ ತಿರುವುಗಳು. ಸೆಕೆಂಡ್ ಗೇರಿನಲ್ಲಿ ಗೋಳಾಡಿಕೊಂಡು ಹತ್ತುತ್ತದೆ. ನಾನು 140 ಬಿಡುವುದಿಲ್ಲ.

ಕುಮಟಾ ಸ್ಪ್ಯಾನರ್

ನಿಮ್ಮ ಗಾಡಿಗೆ ನೀವು ಹಾಕಿ, ಬೇಡ ಅನ್ನುವುದಿಲ್ಲ. ಬೇಕಾದರೆ ಸಿಂಥೆಟಿಕ್ 75ಡಬ್ಲ್ಯೂ-140 ನೋಡಿ. ತಣ್ಣಗಿದ್ದಾಗ ತೆಳ್ಳಗೆ, ಬಿಸಿಯಲ್ಲಿ ದಪ್ಪ, ಎರಡೂ ಸಿಗುತ್ತದೆ. ಬೆಲೆ ಕೇಳಿ ಕೂತುಕೊಳ್ಳಿ, ನಿಂತು ಕೇಳಬೇಡಿ.

ಆದರೆ ಮಾಜಾಳಿಯವರೇ, ನಿಮಗೆ ದುಬಾರಿ ಆಯಿಲ್ ಈಗ ಬೇಡವೇ ಬೇಡ. ಒಂದು ಸಲ ಬಿಟ್ಟರೆ ನೀರು ಪೂರ್ತಿ ಹೋಗುವುದಿಲ್ಲ. ಆಕ್ಸೆಲ್ ಕೊಳವೆಯ ತುದಿಯಲ್ಲಿ, ಬೇರಿಂಗ್ ಸಂದಿಯಲ್ಲಿ ಕೂತಿರುತ್ತದೆ. ಹೀಗೆ ಮಾಡಿ. ಹತ್ತು ನಿಮಿಷ ಮೆಲ್ಲಗೆ ಓಡಿಸಿ ಬಿಸಿ ಮಾಡಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಜಾಕ್ ಒಂದರ ಮೇಲೆ ಗಾಡಿ ಬಿಟ್ಟು ಕೆಳಗೆ ನುಗ್ಗಬೇಡಿ, ಪಿಕಪ್ಪಿಗೆ ಜಾಕ್ ಇಲ್ಲದೆಯೂ ಕೈ ಹೋಗುತ್ತದೆ. ಮೇಲಿನ ನಟ್, ಆಮೇಲೆ ಕೆಳಗಿನದ್ದು. ಕೊನೆಯ ಹನಿ ತನಕ ಕಾಯಿರಿ, ಅವಸರ ಮಾಡಬೇಡಿ. ಅಗ್ಗದ ಜಿಎಲ್-5 ಆಯಿಲ್ ಮಟ್ಟಕ್ಕೆ ತುಂಬಿ, ಭಾರ ಇಲ್ಲದೆ ಇಪ್ಪತ್ತು ಮೂವತ್ತು ಕಿ.ಮೀ. ಓಡಿಸಿ, ಮತ್ತೆ ಬಿಡಿ. ಎರಡನೆಯದ್ದೂ ಮಸುಕಾಗಿ ಬಂದರೆ ಮೂರನೇ ಸಲ. ತಿಳಿಯಾಗಿ ಬಂದ ಮೇಲೆ ಒಳ್ಳೆ ಆಯಿಲ್.

ಕೆಲವರು ಡೀಸೆಲ್ ಹಾಕಿ ತೊಳೆಯುತ್ತಾರೆ. ನನಗೆ ಇಷ್ಟ ಇಲ್ಲ. ಒಳಗೆ ಉಳಿದ ಡೀಸೆಲ್ ಹೊಸ ಆಯಿಲನ್ನು ತೆಳ್ಳಗೆ ಮಾಡುತ್ತದೆ. ಡೀಸೆಲ್ ಹಾಕಿ ಓಡಿಸಿದವರನ್ನೂ ನೋಡಿದ್ದೇನೆ, ಅವರ ಕ್ರೌನ್ ಪಿನಿಯನ್ನನ್ನೂ ಆಮೇಲೆ ನೋಡಿದ್ದೇನೆ.

ಮುಖ್ಯ ಇನ್ನೊಂದು. ಉಪ್ಪುನೀರು ಬೆರೆತ ಆಯಿಲ್ ಹಾಕಿಟ್ಟು ಗಾಡಿ ನಿಲ್ಲಿಸಬೇಡಿ. ಓಡುವ ಗಾಡಿಗಿಂತ ನಿಂತ ಗಾಡಿಯಲ್ಲಿ ತುಕ್ಕು ಬೇಗ ಕೂರುತ್ತದೆ, ಬೇರಿಂಗಿನ ಮೇಲೆ ಗುಳಿ ಬೀಳುತ್ತದೆ. ಇವತ್ತೇ ಬಿಡಿ, ಭಾನುವಾರಕ್ಕೆ ಕಾಯಬೇಡಿ.

ಹೊನ್ನಾವರ ಟೆಂಪೋ

ಎಷ್ಟು ಕಿ.ಮೀ.ಗೆ ಬದಲಿಸಬೇಕು ಅಂತ ಯಾರೂ ಹೇಳಲಿಲ್ಲ. ನನ್ನದು ಗೇರುಸೊಪ್ಪೆ ಘಟ್ಟದ ಮೇಲೆ ಸಾಮಾನು ಸಾಗಿಸುವ ಗಾಡಿ, ನೀರಿಗೆ ಇಳಿಯುವುದಿಲ್ಲ.

ಕುಮಟಾ ಸ್ಪ್ಯಾನರ್

ಪುಸ್ತಕದಲ್ಲಿ ಎರಡು ಲೆಕ್ಕ ಇರುತ್ತದೆ, ಸಾಮಾನ್ಯ ಬಳಕೆಗೆ ಒಂದು, ಕಠಿಣ ಬಳಕೆಗೆ ಒಂದು. ನಮ್ಮ ಜಿಲ್ಲೆಯಲ್ಲಿ ಎಲ್ಲರದ್ದೂ ಎರಡನೆಯದ್ದೇ. ಭಾರ, ಘಟ್ಟ, ಮಳೆ, ಮೂರೂ ಇದೆ. ನಾನು ಟ್ರೈಲರ್ ಎಳೆಯುವ ಗಾಡಿಗೆ 20,000 ಕಿ.ಮೀ.ಗೆ ಬದಲಿಸು ಅನ್ನುತ್ತಿದ್ದೆ. ನೀರಿಗೆ ಇಳಿಯುವ ಗಾಡಿಗೆ ಕಿ.ಮೀ. ಲೆಕ್ಕವೇ ಇಲ್ಲ. ತಿಂಗಳಿಗೊಮ್ಮೆ ಮೇಲಿನ ನಟ್ ಬಿಚ್ಚಿ ಕಿರುಬೆರಳು ಅದ್ದಿ ಬಣ್ಣ ನೋಡಬೇಕು. ಐದು ನಿಮಿಷದ ಕೆಲಸ.

ತದಡಿ ಬಂದರು

ನಮ್ಮ ಕಡೆ ಇದಕ್ಕೆ ಬೇರೆ ದಾರಿ ಇದೆ. ಗಾಡಿಯನ್ನು ನೀರಿಗೆ ಇಳಿಸುವುದೇ ಇಲ್ಲ. ನೀರಿನ ಅಂಚಿಗೆ ಬಂದು ಗಾಡಿ ನಿಲ್ಲಿಸಿ ಚಕ್ರಕ್ಕೆ ಮರದ ತುಂಡು ಕೊಡುತ್ತೇವೆ. ಟ್ರೈಲರ್ ಕಳಚಿ, ಕೊಕ್ಕೆಗೂ ಟ್ರೈಲರ್ ಮೂತಿಗೂ ದಪ್ಪ ಹಗ್ಗ ಕಟ್ಟಿ, ನಾಲ್ಕು ಜನ ಹಿಡಿದು ಮೆಲ್ಲಗೆ ಇಳಿಸುತ್ತೇವೆ. ನೀರಿಗೆ ಹೋಗುವುದು ಟ್ರೈಲರ್ ಮಾತ್ರ. ತಿರುಗಿ ಎಳೆಯುವಾಗ ಗಾಡಿಯೇ ಎಳೆಯುತ್ತದೆ. ಹಗ್ಗದ ನೇರಕ್ಕೆ ಮಾತ್ರ ಯಾರೂ ನಿಲ್ಲಬಾರದು. ತುಂಡಾದರೆ ಬಾರುಕೋಲಿನ ಥರ ಬರುತ್ತದೆ.

ಜನ ಇಲ್ಲದ ದಿನ ಗಾಡಿ ಇಳಿಸಲೇಬೇಕಾದರೆ ದಡದಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸುತ್ತೇವೆ. ಬಲೆ ಸರಿ ಮಾಡಿ, ಚಹಾ ಕುಡಿದು, ಹೌಸಿಂಗ್ ಮುಟ್ಟಿ ನೋಡಿ, ಆಮೇಲೆ ಇಳಿಸುವುದು.

ಮಾಜಾಳಿ ಹೊಯ್ಗೆ

ನಮ್ಮಲ್ಲಿ ನಾಲ್ಕು ಜನ ಎಲ್ಲಿಂದ ತರುವುದು? ನಾನು, ತಮ್ಮ, ಅಷ್ಟೇ. ಇಪ್ಪತ್ತು ನಿಮಿಷ ನಿಲ್ಲಿಸುವುದು ಆಗುತ್ತದೆ. ಅವನಿಗೆ ಚಹಾ ಅಂದರೆ ಬೈಯುವುದು ನಿಲ್ಲಿಸುತ್ತಾನೆ.

ಮೊದಲನೇ ಸಲ ಬಿಟ್ಟಾಯಿತು. ಎರಡು ಲೀಟರ್ ಚಿಲ್ಲರೆ ಇರಬೇಕಾದಲ್ಲಿ ಮೂರು ಲೀಟರ್ ಬಂತು. ಮೊದಲು ಬಂದದ್ದು ಬರೀ ನೀರು, ಕಾಲು ಲೀಟರ್ ಇರಬಹುದು. ಆಮೇಲೆ ಕಾಫಿ. ಕೆಳಗಿನ ನಟ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಕೆಸರು ಮೆತ್ತಿದೆ. ಇದು ಹಲ್ಲು ಸವೆದ ಪುಡಿಯಾ? ಹೆದರಬೇಕಾ?

ಹಳೇ ಡ್ರೈವರ್, ಯಲ್ಲಾಪುರ

ಆ ಕೆಸರನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ. ಗ್ರೀಸಿನ ಥರ ನುಣ್ಣಗಿದ್ದರೆ ಸಹಜ ಸವೆತ, ಒರೆಸಿ ಹಾಕಿ. ಚುಚ್ಚಿದರೆ, ಚೂರು, ಹೊಳೆಯುವ ಚಕ್ಕೆ, ಹಲ್ಲಿನ ಮೂಲೆ ಸಿಕ್ಕಿದರೆ ಅದನ್ನು ಪೊಟ್ಟಣ ಕಟ್ಟಿ ಇಟ್ಟುಕೊಳ್ಳಿ, ಹೌಸಿಂಗ್ ಬಿಚ್ಚಿಸಬೇಕು.

ಸದ್ದಿನ ವಿಷಯ ನಾನು ಕಲಿತದ್ದು ಹೀಗೆ. ಆಕ್ಸಿಲರೇಟರ್ ತುಳಿದಾಗ ಹೆಚ್ಚಾಗಿ, ಬಿಟ್ಟಾಗ ಬದಲಾದರೆ ಕ್ರೌನ್ ಪಿನಿಯನ್, ಪಿನಿಯನ್ ಬೇರಿಂಗ್ ಕಡೆ ಅನುಮಾನ. ತುಳಿದರೂ ಬಿಟ್ಟರೂ ಒಂದೇ ಥರ ಇದ್ದು, ತಿರುವಿನಲ್ಲಿ ಒಂದು ಕಡೆಗೆ ವಾಲಿದಾಗ ಜೋರಾದರೆ ಚಕ್ರದ ಬೇರಿಂಗ್. ಗಾಡಿ ಹೊರಡುವಾಗ, ಗೇರ್ ಬಿಡುವಾಗ ‘ಟಕ್’ ಅಂದರೆ ಜಾಯಿಂಟ್ ಕ್ರಾಸ್ ಮೊದಲು ನೋಡಿ, ಅಗ್ಗದ್ದು. ನೀವು “ಬಿಟ್ಟರೆ ಇಳಿಯುತ್ತದೆ, ಪೂರ್ತಿ ನಿಲ್ಲುವುದಿಲ್ಲ” ಅಂದಿರಿ. ನನಗೆ ಎರಡು ಸದ್ದು ಇರುವ ಹಾಗೆ ಕಾಣುತ್ತದೆ. ಅರಬೈಲ್ ಘಟ್ಟದಲ್ಲಿ ಕಿವಿಯೇ ನನ್ನ ಮೀಟರ್ ಆಗಿತ್ತು, ಸುಳ್ಳು ಹೇಳಿದ್ದು ಕಡಿಮೆ.

ಅಂಕೋಲಾ ಗದ್ದೆ

ಆ ಮೂರು ಲೀಟರ್ ಬಿಸಾಡಬೇಡಿ ಮಾರಾಯ್ರೆ. ಬೇಲಿ ಗೂಟಕ್ಕೆ ಬಳಿದರೆ ವರಲೆ ಹತ್ತುವುದಿಲ್ಲ. ಗಾಡಿ ಅಡಿಗೂ ಹೊಡೆಸಬಹುದು.

ಸಿದ್ದಾಪುರ ಕೊನೆಗೌಡ

ಗಾಡಿ ಅಡಿಗೆ ಬೇಡ. ಸ್ಪ್ರಿಂಗ್ ಬುಷ್, ಬ್ರೇಕ್ ಹೋಸ್ ಎಲ್ಲ ರಬ್ಬರ್, ಎಣ್ಣೆ ಬಿದ್ದು ಬಿದ್ದು ಉಬ್ಬುತ್ತದೆ. ಧೂಳೂ ಮೆತ್ತುತ್ತದೆ.

ಗೂಟಕ್ಕೂ ಬೇಡ ಅನ್ನುತ್ತೇನೆ. ನಮ್ಮ ಮನೆಯಲ್ಲಿ ಬಳಿಯುತ್ತಿದ್ದರು, ಒಪ್ಪುತ್ತೇನೆ. ಆದರೆ ನಮ್ಮ ಊರಿನ ಮಳೆಗೆ ಅದು ಗೂಟದಲ್ಲಿ ನಿಲ್ಲುತ್ತದಾ? ತೊಳೆದು ತೋಟದ ಕಾಲುವೆಗೆ, ಅಲ್ಲಿಂದ ಬಾವಿಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಕ್ಯಾನಿನಲ್ಲಿ ತುಂಬಿ, ಹಳೇ ಆಯಿಲ್ ಒಟ್ಟು ಮಾಡುವ ಗ್ಯಾರೇಜಿಗೆ ಕೊಡಿ.

ಅಂಕೋಲಾ ಗದ್ದೆ

ನಮ್ಮ ಅಜ್ಜನ ಗೂಟ ಇನ್ನೂ ನಿಂತಿದೆ. ಬಾವಿ ನೀರೂ ಚೆನ್ನಾಗಿದೆ.

ಸಿದ್ದಾಪುರ ಕೊನೆಗೌಡ

ಅಜ್ಜನ ಕಾಲದಲ್ಲಿ ಊರಿಗೆ ಒಂದು ಗಾಡಿ ಇತ್ತು.

ಘಟ್ಟದ ಮೇಲಿನವ (ಗುರುವಾರ)

ಬ್ರೀದರ್ ಮಾತು ಓದಿ ನನ್ನ ಗಾಡಿಯದ್ದೂ ನೋಡಿದೆ. ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು! ತೆಗೆದೆ. ಆರು ತಿಂಗಳಿಂದ ಪಿನಿಯನ್ ಸೀಲಿನಲ್ಲಿ ಆಯಿಲ್ ಜಿನುಗುತ್ತಿತ್ತು, ಎರಡು ಸಲ ಸೀಲ್ ಬದಲಿಸಿದ್ದೆ. ಈಗ ಗೊತ್ತಾಯಿತು ಯಾಕೆ ಅಂತ. ಆ ಎರಡು ಸೀಲಿನ ದುಡ್ಡು ಯಾರ ಹತ್ತಿರ ಕೇಳುವುದು?

ಹೊನ್ನಾವರ ಟೆಂಪೋ

ಹುಳದ ಹತ್ತಿರ.

ಹಳೇ ಡ್ರೈವರ್, ಯಲ್ಲಾಪುರ

ಘಟ್ಟ ಇಳಿಯುವ ಮಾತೂ ಬರಲಿ. ಹತ್ತುವಾಗ ಕೆಡುವುದು ಹೌಸಿಂಗ್, ಕ್ಲಚ್. ಇಳಿಯುವಾಗ ಹೋಗುವುದು ಬ್ರೇಕು, ಜೊತೆಗೆ ಜೀವ. ಟ್ರೈಲರ್ ಹಿಂದಿದ್ದರೆ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಬರಬೇಡಿ. ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಡಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಕಡಲ ಹವೆಯಲ್ಲಿ ಕೇಳುವುದೇ ಬೇಡ. ತೇವ ಸೇರಿದ್ದು ಬೇಗ ಕುದಿಯುತ್ತದೆ. ಕುದಿದರೆ ಪೆಡಲ್ ಸ್ಪಂಜಿನ ಥರ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಮಾಜಾಳಿಯವರ ಎಡ ಚಕ್ರ ಒದ್ದೆ ಅಂದಿರಲ್ಲ, ಡ್ರಮ್ ತೆಗೆದು ನೋಡಿದಿರಾ? ಹೌಸಿಂಗ್ ಆಯಿಲ್ ಬ್ರೇಕ್ ಲೈನರಿಗೆ ಬಿದ್ದಿದ್ದರೆ ಆ ಚಕ್ರಕ್ಕೆ ಬ್ರೇಕೇ ಇಲ್ಲ ಅಂತ ಲೆಕ್ಕ. ಲೈನರ್ ತೊಳೆದು ಹಾಕಬೇಡಿ, ಎರಡೂ ಬದಿ ಬದಲಿಸಿ.

ಕಾಳಿ ಆಚೆ

ಮೂತಿ ಭಾರ ಎಷ್ಟು ಇಡುತ್ತೀರಿ? ನಾನು ಸದಾಶಿವಗಡದಿಂದ ದೋಣಿ ಎಳೆಯುತ್ತೇನೆ. ಹೆದ್ದಾರಿಯಲ್ಲಿ ಅರವತ್ತು ದಾಟಿದರೆ ಟ್ರೈಲರ್ ಬಾಲ ಆಡಿಸುತ್ತದೆ.

ತದಡಿ ಬಂದರು

ಎಂಜಿನ್ ದೋಣಿಯ ಹಿಂದೆ ನೇತಾಡುತ್ತಿದೆಯಾ? ಹಾಗಾದರೆ ಮೂತಿ ಹಗುರ. ಟ್ರೈಲರ್ ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲು ಕೊಕ್ಕೆಯ ಮೇಲೆ ಕೂರಬೇಕು. ಟನ್ ಇದ್ದರೆ ನೂರು ಕಿಲೋ. ಕಡಿಮೆಯಾದರೆ ಬಾಲ ಆಡುತ್ತದೆ. ವಿಪರೀತ ಆದರೆ ಗಾಡಿಯ ಹಿಂಭಾಗ ಕೂತು, ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ಅಳೆಯುವುದು ಸುಲಭ. ಸಮತಟ್ಟು ಜಾಗದಲ್ಲಿ ಟ್ರೈಲರ್ ಕಳಚಿ, ಕೊಕ್ಕೆಯ ಎತ್ತರಕ್ಕೇ ಸರಿಯಾಗಿ ಮೂತಿಯನ್ನು ಚೀಲ ತೂಗುವ ತಕ್ಕಡಿ ಮೇಲೆ ಮರದ ತುಂಡು ಇಟ್ಟು ಕೂರಿಸಿ. ಕಡಿಮೆ ಬಂದರೆ ಬಲೆ, ಐಸ್ ಪೆಟ್ಟಿಗೆ, ಪೆಟ್ರೋಲ್ ಕ್ಯಾನ್ ಎಲ್ಲ ಮುಂದೆ ತನ್ನಿ. ಸಾಲದಿದ್ದರೆ ದೋಣಿಯನ್ನೇ ಟ್ರೈಲರ್ ಮೇಲೆ ಅರ್ಧ ಅಡಿ ಮುಂದೆ ಸರಿಸಿ.

ಅಂದ ಹಾಗೆ ಟ್ರೈಲರಿಗೂ ನೋಂದಣಿ ಬೇಕು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೈಲರ್ ಅಂದರೆ ಅದೂ ಒಂದು ವಾಹನವೇ. ಊರೊಳಗೆ ಯಾರೂ ಕೇಳುವುದಿಲ್ಲ ಅಂತ ಹೆದ್ದಾರಿಗೆ ತಂದು ಸಿಕ್ಕಿಬಿದ್ದವರು ಇದ್ದಾರೆ.

ಕಾಳಿ ಆಚೆ

ತೂಗಿದೆ. ಮೂವತ್ತೆಂಟು ಕಿಲೋ ಬಂತು! ಬಾಲ ಆಡಿಸದೆ ಇನ್ನೇನು ಮಾಡುತ್ತದೆ. ದೋಣಿ ಮುಂದೆ ಸರಿಸುತ್ತೇನೆ.

ಮಾಜಾಳಿ ಹೊಯ್ಗೆ (ಮೂರು ವಾರದ ನಂತರ)

ಮಾತು ಕೊಟ್ಟಂತೆ ವರದಿ.

ಮೂರು ಸಲ ಆಯಿಲ್ ಬದಲಿಸಿದೆ. ಎರಡನೆಯದ್ದು ಚಹಾ ಬಣ್ಣ, ಮೂರನೆಯದ್ದು ತಿಳಿ. ಅಯಸ್ಕಾಂತದ ಕೆಸರು ನುಣ್ಣಗೇ ಇತ್ತು, ಚೂರು ಒಂದೂ ಸಿಗಲಿಲ್ಲ. ತಾಮ್ರದ ವಾಷರ್ ಹೊಸದು ಹಾಕಿದೆ. ತುಂಬಲು ಪಂಪ್ ಇರಲಿಲ್ಲ. ಆಯಿಲ್ ಡಬ್ಬಿಯ ಬಾಯಿಗೆ ಪೈಪ್ ಸಿಕ್ಕಿಸಿ, ಡಬ್ಬಿಯ ಬುಡಕ್ಕೆ ಗಾಳಿಗೆ ಒಂದು ತೂತು ಮಾಡಿ, ತಲೆಕೆಳಗಾಗಿ ಹಿಂದಿನ ಬಾಡಿಗೆ ಕಟ್ಟಿದೆ. ತಾನಾಗಿಯೇ ಇಳಿಯಿತು. ಮೇಲಿನ ತೂತಿನಿಂದ ಹನಿ ಉಕ್ಕಿದಾಗ ನಿಲ್ಲಿಸಿದೆ. ಇನ್ನೂ ಸ್ವಲ್ಪ ಇರಲಿ ಅಂತ ತಮ್ಮ ಹೇಳಿದ, ಕೇಳಲಿಲ್ಲ. ಹೆಚ್ಚಾದರೆ ಮತ್ತೆ ಸೀಲಿನಿಂದಲೇ ಹೊರಗೆ ಬರುತ್ತದೆ ಅಲ್ವಾ.

ಕೊನೆಗೆ ಹಾಕಿದ್ದು 80ಡಬ್ಲ್ಯೂ-90. ಶಿರಸಿಯವನು ಮುನಿಸಿಕೊಂಡಿದ್ದಾನೆ.

ಯಲ್ಲಾಪುರದ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ, ಸದ್ದು ಎರಡಿತ್ತು. ಹೊಸ ಆಯಿಲ್ ಹಾಕಿದ ಮೇಲೆ ತುಳಿದಾಗ ಬರುವ ಕೊರಗು ಬಹಳ ಇಳಿಯಿತು. ಇನ್ನೊಂದು ಹಾಗೇ ಇತ್ತು, ಬಲಕ್ಕೆ ತಿರುಗಿದಾಗ ಜೋರು. ಎಡಗಡೆ ಆಕ್ಸೆಲ್ ಎಳೆಸಿದೆ. ಬೇರಿಂಗ್ ತುಕ್ಕು ಹಿಡಿದು ಕೆಂಪಗಾಗಿತ್ತು, ಸೀಲಿನ ತುಟಿ ಹರಿದಿತ್ತು, ಲೈನರ್ ಆಯಿಲಿನಲ್ಲಿ ನೆಂದಿತ್ತು. ಮೂರೂ ಹೊಸದು, ಲೈನರ್ ಎರಡೂ ಬದಿ. ಆ ಚಕ್ರದಲ್ಲಿ ಬ್ರೇಕ್ ಇಲ್ಲದೆ ದೇವಿಮನೆ ಎಷ್ಟು ಸಲ ಇಳಿದಿದ್ದೇನೋ ಲೆಕ್ಕ ಹಾಕಲಿಲ್ಲ.

ಬ್ರೀದರ್ ಟೊಪ್ಪಿ ತೆಗೆದು, ಅಲ್ಲಿಂದ ಆಯಿಲಿಗೆ ಕೆಡದ ರಬ್ಬರ್ ಪೈಪ್ ಒಂದನ್ನು ಬಾಡಿಯ ಎತ್ತರಕ್ಕೆ ತಂದು ಟೈಲ್ ಲ್ಯಾಂಪಿನ ಹಿಂದೆ ಕಟ್ಟಿದೆ. ಆಕ್ಸೆಲ್ ಮೇಲೆ ಕೆಳಗೆ ಆಡುವಾಗ ಎಳೆಯಬಾರದು ಅಂತ ಒಂದು ಗೇಣು ಸಡಿಲ ಬಿಟ್ಟೆ. ತುದಿಗೆ ಸಣ್ಣ ಫಿಲ್ಟರ್, ಹುಳ ಗೂಡು ಕಟ್ಟದ ಹಾಗೆ. ಇದು ಶಿರಸಿಯವನ ಕತೆ ಓದಿ.

ಒಟ್ಟು ಖರ್ಚು ಹೇಳುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ.

ಕುಮಟಾ ಸ್ಪ್ಯಾನರ್

ಒಳ್ಳೆ ಕೆಲಸ. ಈಗ ಟ್ರೈಲರ್ ಹಬ್ (ಚಕ್ರದ ನಡುವೆ ಬೇರಿಂಗ್ ಕೂರುವ ಭಾಗ) ಬಿಚ್ಚಿದಿರಾ? ಅದೂ ಬಿಸಿಯಾಗಿ ಬಂದು ಅದೇ ನೀರಿಗೆ ಇಳಿದದ್ದು. ಗಾಡಿಗಿಂತ ಮೊದಲು, ಗಾಡಿಗಿಂತ ಆಳಕ್ಕೆ.

ಮಾಜಾಳಿ ಹೊಯ್ಗೆ

ಅಯ್ಯೋ.

ಇಲ್ಲ. ಮೂರು ವರ್ಷದಿಂದ ಬಿಚ್ಚಿಲ್ಲ.

ಕುಮಟಾ ಸ್ಪ್ಯಾನರ್

ಬಿಚ್ಚಿ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಅಂತ ಬೇರೆ ಹೇಳಬೇಕಾಗಿಲ್ಲ. ಹಳೆಯದ್ದು ಪೂರ್ತಿ ಒರೆಸಿ, ಬೇರಿಂಗ್ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಗುಳಿ ಬಿದ್ದಿಲ್ಲ ಅಂತ ನೋಡಿ, ನೀರಿಗೆ ಕರಗದ ಮರೈನ್ ಗ್ರೀಸ್ ಅಂಗೈಯಲ್ಲಿ ಇಟ್ಟು ರೋಲರ್ ಸಂದಿಗೆ ಒತ್ತಿ ತುಂಬಿ. ಮೇಲೆ ಬಳಿದರೆ ಸಾಲದು. ಹಿಂದಿನ ಸೀಲ್ ಹೊಸದು. ದಿನಾ ದಡದಿಂದ ಬಂದ ಮೇಲೆ ಹಬ್, ಸ್ಪ್ರಿಂಗ್, ಗಾಡಿಯ ಅಡಿ ಎಲ್ಲ ಬಾವಿ ನೀರಿನಲ್ಲಿ ತೊಳೆಯಿರಿ. ಟ್ರೈಲರ್ ಲೈಟಿನ ಪಿನ್ ಇಳಿಸುವ ಮೊದಲು ಕಿತ್ತಿಡಿ, ಇಲ್ಲದಿದ್ದರೆ ಫ್ಯೂಸ್ ಹೋಗುತ್ತದೆ.

ಘಟ್ಟದ ಮೇಲಿನವ

ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟುಗಳಿಗೆಲ್ಲ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಆಗ ನಿಧಾನಕ್ಕೆ ಮಾಡಿದರೆ ಆಗದಾ?

ಮಾಜಾಳಿ ಹೊಯ್ಗೆ

ಅಷ್ಟು ದಿನ ಆ ಹಬ್ ಇರುತ್ತದಾ ಅನ್ನುವುದೇ ಪ್ರಶ್ನೆ. ಈಗಷ್ಟೇ ಟ್ರೈಲರ್ ಎತ್ತಿ ಚಕ್ರ ತಿರುಗಿಸಿ ನೋಡಿದೆ. ಬಲಗಡೆಯದ್ದು ಕರಕರ ಅನ್ನುತ್ತಿದೆ. ನಾಳೆ ಬಿಚ್ಚುತ್ತೇನೆ. ತಮ್ಮನಿಗೆ ಇನ್ನೂ ಹೇಳಿಲ್ಲ.